ಕಡಲ ಬದಿಯಲ್ಲೊಂದು ಹುಳದ ಮನೆ

ಸಮುದ್ರ ನೋಡಲು ಹೊರಟ ನಮ್ಮ ಅತ್ತೆ ತಮ್ಮ ಬಟ್ಟೆಯ ಚೀಲಕ್ಕಿಂತ ಮೊದಲು ಕಾರಿನ ಡಿಕ್ಕಿಗೆ ಇಟ್ಟದ್ದು ಒಂದು ಕವರು ಸುಣ್ಣದ ಪುಡಿ ಮತ್ತು ಮಡಚಿದ ಖಾಲಿ ಗೋಣಿಚೀಲಗಳು. ನಾನು ನೋಡಿಯೂ ನೋಡದವಳಂತೆ ಮಗುವಿನ ಡಯಾಪರ್ ಜೋಡಿಸುತ್ತಿದ್ದೆ. ಇದೇಕೆ ಅಂತ ಕೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ, ಹೊರಡುವ ಹೊತ್ತಿಗೆ ಅದು ಬೇಡ ಅಂತ ಹಲ್ಲು ಕಚ್ಚಿಕೊಂಡಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ತವರಿನವರೂ ಹೇಳುತ್ತಾರೆ, ಗಂಡನ ಮನೆಯವರೂ ಹೇಳುತ್ತಾರೆ. ಎರಡೂ ಕಡೆಯವರು ಜಗಳವಿಲ್ಲದೆ ಒಪ್ಪುವ ಮಾತು ಇದೊಂದೇ.

ಅತ್ತೆಯ ಊರು ಸಾದಲಿಯ ಹತ್ತಿರದ ಒಂದು ಹಳ್ಳಿ. ರೇಷ್ಮೆ ಹುಳ ಸಾಕುವ ಮನೆ. ಒಂದು ಬೆಳೆಯ ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯಿತು ಅನ್ನುವಷ್ಟರಲ್ಲಿ ಮುಂದಿನ ಬೆಳೆಯ ಮರಿಹುಳ ಮನೆಗೆ ಬಂದಿರುತ್ತವೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ಉದ್ದನೆಯ ಒಂದು ಶೆಡ್ಡು. ಅದೇ ಹುಳದ ಮನೆ. ಅದಕ್ಕೆ ಅದರದೇ ಕಾನೂನು. ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿರುತ್ತದೆ, ಅದನ್ನು ತುಳಿದೇ ಒಳಗೆ ಹೋಗಬೇಕು. ಕೈ ತೊಳೆದಿರಬೇಕು. ಸೆಂಟು, ಊದುಬತ್ತಿ, ಸೊಳ್ಳೆಬತ್ತಿ ಯಾವುದರ ವಾಸನೆಯೂ ಸುಳಿಯಬಾರದು. ಬಿಸಿಲು ಏರಿದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟಬೇಕು. ಹೊರಗಿನವರು ಹೊರಗೇ ನಿಲ್ಲಬೇಕು, ಅದು ಸ್ವಂತ ತಮ್ಮನಾದರೂ ಸರಿ. ಒಮ್ಮೆ ಯಾರೋ ನೆಗಡಿಯಾದ ನೆಂಟರು ಒಳಗೆ ಬಂದು ಸೀನಿಹೋದ ಮೇಲೆ ಇಡೀ ಬೆಳೆ ಸುಣ್ಣಕಟ್ಟು ರೋಗ ಬಂದು ಬಿಳಿಚಿಕೊಂಡು ಸತ್ತಿತಂತೆ. ಸೀನಿಗೂ ಆ ರೋಗಕ್ಕೂ ಸಂಬಂಧವಿಲ್ಲ ಅಂತ ನನ್ನ ಗಂಡ ಎಷ್ಟೋ ಸಲ ಹೇಳಿದ್ದಾನೆ. ಅತ್ತೆ ಕೇಳಿಸಿಕೊಂಡಿಲ್ಲ. ಅವತ್ತಿನಿಂದ ಅವರು ಮೂಗು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳದೆ ಹುಳದ ಹತ್ತಿರ ಹೋದದ್ದಿಲ್ಲ.

ಇನ್ನೂ ಒಂದು ಕಾನೂನಿದೆ, ಎಲ್ಲಕ್ಕಿಂತ ದೊಡ್ಡದು. ಹುಳ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ. ಯಾರಾದರೂ "ಬೆಳೆ ಹೆಂಗೈತಕ್ಕಾ?" ಅಂತ ಕೇಳಿದರೆ ಅತ್ತೆ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, "ಏನೋ, ಪರವಾಗಿಲ್ಲ" ಅನ್ನುತ್ತಾರೆ. ಊರಲ್ಲೆಲ್ಲ ಒಳ್ಳೆಯ ಗೂಡು ಅವರದೇ ಆದ ಸಲವೂ ಅಷ್ಟೇ ಅಂದಿದ್ದರು.

ನನಗೆ ಇದು ಗೊತ್ತಿರಲಿಲ್ಲ. ಮಗಳು ಹುಟ್ಟಿದ್ದು ನನ್ನ ತವರು ಚಿಂತಾಮಣಿಯಲ್ಲಿ. ಬಾಣಂತಿ ಮನೆಗೆ ಹೋಗಿ ಬಂದವರು ಹುಳ ಮುಟ್ಟಬಾರದು ಅನ್ನುವುದು ಅತ್ತೆಯ ಊರಿನ ನೇಮ. ಹಾಗಾಗಿ ಅವರು ಆ ಬೆಳೆ ಮುಗಿಯುವ ತನಕ ಕಾದು, ಮಾರ್ಕೆಟ್ಟಿಗೆ ಗೂಡು ಹೋದ ಮಾರನೇ ದಿನವೇ ಬಸ್ಸು ಹತ್ತಿ ಬಂದರು. ಅಲ್ಲಿಯವರೆಗೆ ಬಂದವರೆಲ್ಲ ಮಗುವನ್ನು ಲಕ್ಷ್ಮಿ ಅಂದಿದ್ದರು, ಗೊಂಬೆ ಅಂದಿದ್ದರು. ಅತ್ತೆ ಬಂದು, ಕೈಕಾಲು ತೊಳೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಗ್ಗಿ ಬಹಳ ಹೊತ್ತು ನೋಡಿ, "ಏನೋ, ಪರವಾಗಿಲ್ಲ" ಅಂದರು. ನನಗೆ ಮೈಯೆಲ್ಲ ಉರಿಯಿತು. ಅವರು ಹೋದ ಮೇಲೆ ಅಮ್ಮನ ಮುಂದೆ ಕಣ್ಣೀರು ಹಾಕಿದೆ. ಗಂಡ ಬಂದು ಸಮಾಧಾನ ಮಾಡಿದ: "ಅಯ್ಯೋ ಪೆದ್ದಿ, ಅದು ನಮ್ಮಮ್ಮ ಕೊಡೋ ಫಸ್ಟ್ ರ‍್ಯಾಂಕು ಕಣೇ. ನಾನು ಲೆಕ್ಚರರ್ ಆದಾಗ ಅಷ್ಟೂ ಅನ್ಲಿಲ್ಲ."

ಮಗುವಿಗೆ ಎಂಟು ತಿಂಗಳಾಯಿತು. ಈಗ ನಾವು ಮೂವರು ಇರುವುದು ಚಿಕ್ಕಬಳ್ಳಾಪುರದಲ್ಲಿ. ಗಂಡ ಬೆಳಗ್ಗೆಯೇ ಗೌರಿಬಿದನೂರಿನ ಕಾಲೇಜಿಗೆ ವಿಜ್ಞಾನ ಪಾಠ ಮಾಡಲು ಹೊರಡುತ್ತಾನೆ. ನನ್ನದು ಬ್ಯಾಂಕಿನ ಕೆಲಸ, ದಸರಾ ಕಳೆದರೆ ರಜೆ ಮುಗಿಯುತ್ತದೆ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ನನ್ನ ಅಮ್ಮನ ಸೊಂಟದ ಮೇಲೆ ಆಗಲೇ ಅಣ್ಣನ ಮಕ್ಕಳಿದ್ದರು. ನಮ್ಮ ಬೀದಿಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಒಂದು ಮನೆಯಿತ್ತು, ಹೋಗಿ ನೋಡಿದೆ. ಕೂಸುಗಳನ್ನು ಟಿವಿಯ ಮುಂದೆ ಸಾಲಾಗಿ ಕೂರಿಸಿದ್ದರು. ಒಂದೂ ಅಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆಯಾಗಿ ವಾಪಸ್ಸು ಬಂದೆ.

ಆಗ ಅತ್ತೆ ತಾವಾಗಿಯೇ ಫೋನು ಮಾಡಿ "ನಾನು ಬರ್ತೀನಿ" ಅಂದರು. ತಂಗಿಯ ಮದುವೆಗೂ ಒಂದು ರಾತ್ರಿ ತಂಗದೆ, ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು ಅಂತ ಎದ್ದು ಹೋದ ಹೆಂಗಸು ಹುಳದ ಮನೆಗೆ ಬೀಗ ಹಾಕಿ ಬರುತ್ತೀನಿ ಅನ್ನುತ್ತಿದ್ದರು.

ಎಲ್ಲ ಸರಿಯಾಯಿತು ಅಂದುಕೊಂಡರೆ, ಮಗು ಒಪ್ಪಬೇಕಲ್ಲ. ನನ್ನ ಮಗಳು ಹಾಲಿನವನ ಹತ್ತಿರ ಹೋಗುತ್ತಾಳೆ, ಕೊರಿಯರ್ ಕೊಡಲು ಬಂದವನ ಹೆಗಲಿಗೆ ಹಾರುತ್ತಾಳೆ. ಅತ್ತೆ ದೂರದಲ್ಲಿ ಕೂತಿದ್ದರೆ ನೋಡಿ ಕಿಲಕಿಲ ನಗುತ್ತಾಳೆ. ಹತ್ತಿರ ಬಂದು ಕೈ ಚಾಚಿದರೆ ಮಾತ್ರ ಊರು ಎದ್ದು ಕೂರುವ ಹಾಗೆ ಕಿರುಚುತ್ತಾಳೆ, ಉಸಿರು ಕಟ್ಟಿ ನೀಲಿಯಾಗುತ್ತಾಳೆ. ನನ್ನ ಅಮ್ಮ ಮಗುವನ್ನು ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ಕೈಗೆ ದಾರ ಕಟ್ಟಿಸಿಕೊಂಡು ಬಂದರು. ದಾರವನ್ನು ಮಗು ಚೀಪಿ ಚೀಪಿ ಬಣ್ಣ ಬಿಡಿಸಿತೇ ಹೊರತು ಅತ್ತೆಯ ಹತ್ತಿರ ಹೋಗಲಿಲ್ಲ.

ಅತ್ತೆ ಒಂದೇ ಮಾತು ಹೇಳಿದರು. "ಮಗು ಬಂದ್ರೆ ಇರ್ತೀನಮ್ಮ. ಬರ್ಲಿಲ್ಲ ಅಂದ್ರೆ ಅಳ್ಸಿ ಅಳ್ಸಿ ಸಾಕೋದು ಪಾಪ. ಚಾಕಿ ಹೇಳ್ಬಿಡ್ತೀನಿ." ಚಾಕಿ ಅಂದರೆ ಮರಿಹುಳ. ಮುಂದಿನ ಬೆಳೆಗೆ ಬೇಕಾದವರು ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಬೇರೆಯವರ ಪಾಲಾಗುತ್ತದೆ. ಆಗ ಬೆಳೆ ಮುಗಿದು ಹುಳದ ಮನೆ ತೊಳೆದು ಬಾಗಿಲು ಹಾಕಿತ್ತು. ಚಾಕಿ ಹೇಳಬೇಕೋ ಬೇಡವೋ ಅಂತ ನಮ್ಮ ಮಾವ ಹೆಂಡತಿಯ ಮಾತಿಗೆ ಕಾಯುತ್ತಿದ್ದರು.

ಸಮುದ್ರದ ಉಪಾಯ ಗಂಡನದು. ಅವನ ಜೊತೆ ಕೆಲಸ ಮಾಡುವ ನಗರಗೆರೆ ಕಡೆಯ ಮೇಷ್ಟ್ರೊಬ್ಬರು ಉಡುಪಿಯ ಆಚೆ ಒಂದು ರೆಸಾರ್ಟಿಗೆ ಹೋಗಿ ಬಂದು ಹೊಗಳಿದ್ದರು. "ಒಂದೇ ರೂಮಲ್ಲಿ ನಾಕು ದಿನ ಅಮ್ಮನ ಮುಖ ನೋಡ್ತಿದ್ರೆ ತಾನಾಗೇ ಹೊಂದ್ಕೊಳ್ತಾಳೆ. ನಿಂಗೂ ಒಂದ್ ಬದಲಾವಣೆ" ಅಂದ. ಬಾಣಂತಿ ಮಂಚದಿಂದ ಎದ್ದು ನೇರವಾಗಿ ಬ್ಯಾಂಕಿನ ಕೌಂಟರಿಗೆ ಹೋಗಿ ಕೂರುವ ಯೋಚನೆಗೇ ನಾನು ಬೇಸತ್ತಿದ್ದೆ. ತಕ್ಷಣ ಒಪ್ಪಿದೆ. ಮಾವ ಹಸು ನೋಡಿಕೊಳ್ಳಲು ಊರಲ್ಲೇ ಉಳಿದರು.

ರೆಸಾರ್ಟಿನ ಬಾಗಿಲಲ್ಲಿ ಹಣೆಗೆ ಗಂಧ ಇಟ್ಟು, ಮೇಲೆ ಪನ್ನೀರು ಚಿಮುಕಿಸಿ ಸ್ವಾಗತ ಮಾಡುತ್ತಾರೆ. ಪನ್ನೀರಿನ ಹನಿ ಮಗುವಿನ ಕಡೆ ಬರುವುದನ್ನು ಕಂಡ ಅತ್ತೆ ನಡುವೆ ನುಗ್ಗಿ, ಅಷ್ಟೂ ಪನ್ನೀರನ್ನು ತಮ್ಮ ಬೆನ್ನಿಗೆ ತೆಗೆದುಕೊಂಡರು. "ವಾಸ್ನೆ ಆಗಲ್ಲಮ್ಮ ನಮ್ ಕೂಸಿಗೆ" ಅಂದರು. ರೂಮಿಗೆ ಹೋದರೆ ಅಲ್ಲಿಯೂ ಏನೋ ಮಲ್ಲಿಗೆ ಘಮ ಹೊಡೆದಿದ್ದರು. ಅತ್ತೆ ಕಿಟಕಿಗಳನ್ನೆಲ್ಲ ತೆಗೆದು, ಸೆರಗಿನಿಂದ ಬೀಸಿ ಬೀಸಿ ಮಲ್ಲಿಗೆಯನ್ನು ಸಮುದ್ರಕ್ಕೆ ಅಟ್ಟಿದರು. ಆಮೇಲೆ ಗೋಣಿಚೀಲ ಬಿಚ್ಚಿ, ಬಚ್ಚಲಲ್ಲಿ ನೆನೆಸಿ, ಬಾಲ್ಕನಿಯ ಬಾಗಿಲಿಗೆ ಕಟ್ಟಿದರು.

"ಅಮ್ಮಾ, ಇಲ್ಲಿ ಗಾಳೀಲೇ ನೀರೈತೆ. ಒದ್ದೆ ಗೋಣಿ ಯಾಕೆ?" ಅಂತ ಗಂಡ ತಲೆ ಚಚ್ಚಿಕೊಂಡ.

"ಸೆಕೆ ಆಗ್ತಾ ಐತೆ ಅಂತೀಯಲ್ಲ, ಅದಕ್ಕೇ" ಅಂದರು ಅತ್ತೆ.

ಚಿಕ್ಕಬಳ್ಳಾಪುರದ ಒಣಗಾಳಿಯಲ್ಲಿ ಆ ಗೋಣಿ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತಿತ್ತು. ಸಮುದ್ರದ ಬದಿಯಲ್ಲಿ ನಾವು ಇದ್ದಷ್ಟು ದಿನವೂ ಒಣಗಲಿಲ್ಲ. ಅದರಿಂದ ನೀರು ತೊಟ್ಟಿಕ್ಕಿ, ರೂಮಿನೊಳಗೆ ಅನ್ನ ಬೇಯುವ ಕುಕ್ಕರಿನ ಹಾಗೆ ಹಬೆ. ಆ ಗೋಣಿಯನ್ನು ಬಿಚ್ಚಿ ಎಸೆಯಬೇಕೆಂದು ನನ್ನ ಕೈ ತುರಿಸುತ್ತಿತ್ತು. ಆದರೆ ಅತ್ತೆ ಅಷ್ಟು ಶ್ರದ್ಧೆಯಿಂದ ಗಂಟು ಹಾಕಿದ್ದರು, ನನಗೆ ಬಾಯಿ ಬರಲಿಲ್ಲ. ನನ್ನಂಥವಳಿಗೂ ಬಾಯಿ ಬರಲಿಲ್ಲ ಅಂದರೆ ನೀವೇ ಊಹಿಸಿಕೊಳ್ಳಿ.

ಮಾರನೇ ದಿನ ಬೆಳಗ್ಗೆ ನಾವು ತಿಂಡಿಗೆ ಹೊರಡುವ ಮುಂಚೆ ಅತ್ತೆ ಹೊಸ್ತಿಲಿಗೆ ಸುಣ್ಣದ ಪುಡಿ ಚೆಲ್ಲಿದರು. ತಿಂಡಿ ಮುಗಿಸಿ ಬಂದರೆ ರೂಮು ಗುಡಿಸಿರಲಿಲ್ಲ. ಗುಡಿಸಲು ಬರುವ ಹೆಂಗಸು ಅಷ್ಟು ದೂರದಲ್ಲಿ ಪೊರಕೆ ಹಿಡಿದು, ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು.

"ಬೇಜಾರು ಮಾಡ್ಬೇಡಿ ಮೇಡಂ, ನಾನು ಈ ರೂಮಿಗೆ ಬರುದಿಲ್ಲ" ಅಂದಳು. "ಬಾಗಿಲಲ್ಲಿ ಎಂತದೋ ಮಾಡಿಟ್ಟಿದ್ದಾರೆ. ನಂಗೂ ಸಣ್ಣ ಮಕ್ಳುಂಟು ಮಾರಾಯ್ರೆ."

ಅವಳು ಮಾಟ ಅಂದುಕೊಂಡಿದ್ದಾಳೆ ಅಂತ ನನಗೆ ಹೊಳೆದಾಗ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡೆ. ಅತ್ತೆಗೆ ನಗು ಬರಲಿಲ್ಲ, ಗಾಬರಿಯಾಯಿತು. ಬಗ್ಗಿ ಒಂದು ಚಿಟಿಕೆ ಪುಡಿ ತೆಗೆದು ತಮ್ಮ ಅಂಗೈಗೆ ಹಚ್ಚಿ ತೋರಿಸಿದರು. "ಅಯ್ಯೋ ದೇವುಡಾ! ಸುಣ್ಣ ಕಣಮ್ಮಾ, ಬರೀ ಸುಣ್ಣ. ಹುಳಕ್ಕೆ ಕಾಯಿಲೆ ತಾಕಬಾರ್ದು ಅಂತ ಹಾಕೋದು."

ಆ ಹೆಂಗಸಿನ ಕಣ್ಣು ಇನ್ನೂ ದೊಡ್ಡದಾಯಿತು. "ಹುಳ? ರೂಮಿನೊಳಗೆ ಹುಳ ಉಂಟಾ?"

"ಹುಳ ಇಲ್ಲಮ್ಮ. ಮಗು ಐತೆ" ಅಂದರು ಅತ್ತೆ.

ಕೊನೆಗೆ ಗಂಡ ಬಂದು ರೇಷ್ಮೆ ಹುಳದ ಪಾಠವನ್ನು ಮೊಟ್ಟೆಯಿಂದ ಸೀರೆಯ ತನಕ ಅಲ್ಲೇ ವರಾಂಡದಲ್ಲಿ ಮಾಡಿದ ಮೇಲೆ ಅವಳಿಗೆ ಧೈರ್ಯ ಬಂತು. ಆಮೇಲೆ ದಿನವೂ ಅವಳು ಸುಣ್ಣ ತುಳಿದೇ ಒಳಗೆ ಬರುತ್ತಿದ್ದಳು, ನಾವು ಮರೆತರೆ "ನಿಮ್ಮ ಸುಣ್ಣ ಎಲ್ಲಿ ಅಮ್ಮ?" ಅಂತ ಅವಳೇ ಕೇಳುತ್ತಿದ್ದಳು. ಮಗು ಮೊದಲ ದಿನವೇ ಅವಳ ಸೊಂಟ ಏರಿ ಕೂತಿತು. ಅತ್ತೆ ಅದನ್ನು ನೋಡುತ್ತ ನಿಂತಿದ್ದರು. ಆ ನೋಟವನ್ನು ನಾನು ನೋಡಬಾರದಿತ್ತು ಅನಿಸಿತು.

ರೆಸಾರ್ಟಿನ ಊಟದ ಮನೆಯಲ್ಲಿ ಅತ್ತೆ ನಮ್ಮ ಜೊತೆ ಕೂರುತ್ತಿರಲಿಲ್ಲ. ಪ್ಲೇಟು ಹಿಡಿದು ಸಾಲಿನಲ್ಲಿ ನಿಲ್ಲುವುದೆಂದರೆ ಅವರಿಗೆ ನಾಚಿಕೆ. ಗಂಡ ತಂದುಕೊಟ್ಟ ನೀರುದೋಸೆಯನ್ನು ಕಂಬದ ಪಕ್ಕದ ಮೂಲೆಯ ಮೇಜಿನಲ್ಲಿ ಕೂತು ತಿನ್ನುತ್ತಿದ್ದರು. ಮಗು ನನ್ನ ತೊಡೆಯ ಮೇಲಿಂದ ಅವರನ್ನೇ ಹುಡುಕಿ ನೋಡುತ್ತಿತ್ತು. ಅವರು ದೋಸೆಯ ಚೂರು ಆಡಿಸಿದರೆ ನಗುತ್ತಿತ್ತು. ತಲೆ ಕುಣಿಸಿದರೆ ತಾನೂ ಕುಣಿಸುತ್ತಿತ್ತು. ಈ ಸಲ ಒಪ್ಪಿತು ಅಂತ ನನ್ನ ಎದೆ ಹಗುರವಾಗುತ್ತಿತ್ತು. ಅತ್ತೆ ಎದ್ದು, ಕೈ ತೊಳೆದು, ಬಳೆ ಮೇಲಕ್ಕೆ ಸರಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೆಲ್ಲಗೆ ಹತ್ತಿರ ಬಂದು "ರಾ ನಾ ತಲ್ಲಿ, ರಾ" ಅಂತ, ಬಾ ನನ್ನ ತಾಯಿ ಅಂತ, ನಮ್ಮ ಕಡೆಯ ತೆಲುಗಿನಲ್ಲಿ ಕರೆದು ಕೈ ಚಾಚುತ್ತಿದ್ದರು. ಅಷ್ಟೇ. ಇಡೀ ಊಟದ ಮನೆಯ ಚಮಚಗಳು ನಿಂತು ನಮ್ಮ ಕಡೆ ತಿರುಗುವ ಹಾಗೆ ನನ್ನ ಮಗಳು ಕಿರುಚುತ್ತಿದ್ದಳು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು, ಏನೂ ಆಗದವರಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಬಚ್ಚಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬೆಳಗ್ಗೆ ಸ್ನಾನವಾಗಿತ್ತು, ಮತ್ತೆ ಸ್ನಾನ. ಹೊರಗೆ ಬಂದಾಗ ಮೊಣಕೈ, ಕುತ್ತಿಗೆ ಎಲ್ಲ ಉಜ್ಜಿ ಉಜ್ಜಿ ಕೆಂಪಾಗಿತ್ತು. ನನ್ನ ಪಕ್ಕ ಕೂತು, ತೋಳನ್ನು ನನ್ನ ಮೂಗಿನ ಹತ್ತಿರ ತಂದರು.

"ನಿಜ ಹೇಳಮ್ಮ. ನನ್ ಮೈಯಾಗೆ ಹುಳದ ವಾಸ್ನೆ ಐತಾ?"

"ಇಲ್ಲ ಅತ್ತೆ."

"ಐತೇನೋ. ನಮ್ಗೆ ಗೊತ್ತಾಗಲ್ಲ. ವರ್ಷಗಟ್ಲೆ ಅದ್ರ ಜತೇಲೇ ಇದ್ದೀವಿ. ದೂರದಲ್ಲಿದ್ರೆ ನಗ್ತಾಳೆ, ಹತ್ರ ಹೋದ್ರೆ ಅಳ್ತಾಳೆ. ಇನ್ನೇನಿರ್ತೈತೆ ಹೇಳು?"

ಅವರ ತೋಳಿನಿಂದ ರೆಸಾರ್ಟಿನ ಸೋಪಿನ ವಾಸನೆ ಬರುತ್ತಿತ್ತು, ಅದರ ಕೆಳಗೆ ಎಲ್ಲೋ ಹಸಿ ಹಿಪ್ಪುನೇರಳೆ ಸೊಪ್ಪಿನದು. ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ನನಗೆ ಮೊದಲು ಇಷ್ಟವಾದದ್ದೇ ಆ ಸೊಪ್ಪಿನ ವಾಸನೆ. ಅದನ್ನು ಹೇಳಿದೆ. ಅವರು ನಂಬಲಿಲ್ಲ. ಸೊಸೆ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡು ನನ್ನ ಕೆನ್ನೆ ತಟ್ಟಿ ಎದ್ದರು.

ದಿನವೂ ಸಂಜೆ ಮಾವನ ಫೋನು ಬರುತ್ತಿತ್ತು. ಮಾವನಿಗೆ ಫೋನಿನಲ್ಲಿ ಮೆತ್ತಗೆ ಮಾತಾಡಿ ಗೊತ್ತಿಲ್ಲ. ಸಾದಲಿಯಿಂದ ಸಮುದ್ರದ ತನಕ ಕೂಗಿಯೇ ತಲುಪಿಸುತ್ತೇನೆ ಅನ್ನುವ ಹಾಗೆ ಮಾತಾಡುತ್ತಾರೆ. "ಚಾಕಿಯವ್ನು ಕೇಳ್ತಾವ್ನೆ! ಹೇಳ್ಲಾ, ಬೇಡ್ವಾ?" ಅತ್ತೆ ಮಗುವಿನ ಕಡೆ ಒಮ್ಮೆ ನೋಡಿ, "ನಾಳೆ ಹೇಳ್ತೀನಿ, ತಡೀರಿ" ಅನ್ನುತ್ತಿದ್ದರು. ಕೊನೆಯ ಸಂಜೆ ಮಾವ, "ನಾಳೆ ಮಧ್ಯಾಹ್ನದೊಳಗೆ ಹೇಳ್ಲಿಲ್ಲ ಅಂದ್ರೆ ಬೇರೆಯವ್ರಿಗೆ ಕೊಡ್ತಾನಂತೆ" ಅಂದರು. ಅತ್ತೆ ಫೋನಿಟ್ಟು, ಮಗುವಿನ ರಾಗಿ ಸರಿಯ ಬಟ್ಟಲು ತೊಳೆಯಲು ಹೋದರು. ತೊಳೆಯುತ್ತಲೇ ಬೆನ್ನು ತಿರುಗಿಸಿಕೊಂಡು, "ನಾಳೆ ಚಾಕಿ ಹೇಳ್ಬಿಡೋದೇ ಸರಿ ಕಣಮ್ಮ. ನೀನು ಬೇರೆ ಯಾರನ್ನಾದ್ರೂ ನೋಡ್ಕೋ" ಅಂದರು. ಬೀದಿಯ ಆ ಮನೆ, ಟಿವಿಯ ಮುಂದಿನ ಆ ಸುಮ್ಮನೆ ಕೂತ ಕೂಸುಗಳು ಕಣ್ಣ ಮುಂದೆ ಬಂದವು.

ಅಷ್ಟು ದಿನವಾದರೂ ಅತ್ತೆ ಸಮುದ್ರದ ನೀರಿಗೆ ಕಾಲಿಟ್ಟಿರಲಿಲ್ಲ. ತೆಂಗಿನ ನೆರಳಲ್ಲಿ ಕೂತು ದೂರದಿಂದ ನೋಡುತ್ತಿದ್ದರು. ಮೊದಲ ದಿನ ಅಲೆಯ ಸದ್ದು ಕೇಳಿ, "ಕೊನೇ ಮೇವಿನ ಹುಳ ಸೊಪ್ಪು ತಿನ್ನೋ ಸದ್ದಿದ್ದಂಗೈತೆ" ಅಂದಿದ್ದರು. ಗೂಡು ಕಟ್ಟುವ ಮುಂಚೆ ಹುಳುಗಳು ಹಸಿದು ಮೇಯುವಾಗ ಶೆಡ್ಡಿನ ತುಂಬ ಮಳೆ ಹುಯ್ದ ಹಾಗೆ ಸದ್ದಾಗುತ್ತದೆ, ನಾನೂ ಕೇಳಿದ್ದೇನೆ. ಅದಕ್ಕೇ ಇರಬೇಕು, ಹೊಸ ಜಾಗದಲ್ಲೂ ಅತ್ತೆ ಚೆನ್ನಾಗಿ ನಿದ್ದೆ ಮಾಡಿದರು. ನಿದ್ದೆಗೆಟ್ಟವಳು ನಾನು.

ಹೊರಡುವ ದಿನ ಬೆಳಗ್ಗೆ ಗಂಡ "ಇಷ್ಟು ದೂರ ಬಂದು ಕಾಲು ನೆನೆಸ್ದೆ ಹೋಗ್ತೀಯೇನಮ್ಮಾ? ಬಾ, ಫೋಟೋ ತೆಗೀತೀನಿ" ಅಂತ ಹಟ ಹಿಡಿದ. ಅತ್ತೆ ಸೀರೆಯನ್ನು ಗದ್ದೆಗೆ ಇಳಿಯುವವರ ಹಾಗೆ ಮೇಲಕ್ಕೆ ಸಿಕ್ಕಿಸಿಕೊಂಡು ಬಂದರು. ನಾನು ಒದ್ದೆ ಮರಳಿನ ಅಂಚಿನಲ್ಲಿ ಚಾಪೆ ಹಾಸಿ, ಟೋಪಿ ಹಾಕಿದ ಮಗುವನ್ನು ಕೂರಿಸಿಕೊಂಡಿದ್ದೆ. ಅದು ಮರಳನ್ನು ಹಿಡಿ ಹಿಡಿದು ತಿನ್ನಲು ನೋಡುತ್ತಿತ್ತು, ನಾನು ಕಸಿದುಕೊಳ್ಳುತ್ತಿದ್ದೆ. ಅತ್ತೆ ಅಲೆಯ ಅಂಚಿಗೆ ಕಾಲು ತಾಕಿಸಿ, ನೀರನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅದೇ ನೀರಿನಲ್ಲಿ ಕೈ ತೊಳೆದು, ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು ಮೂಗಿಗೆ ಕಟ್ಟಿದರು. ಇನ್ನೊಂದು ಸಲ, ಕೊನೆಯ ಸಲ ನೋಡೋಣ ಅಂತ ನಮ್ಮ ಕಡೆ ಬಂದರು. ಬಂದು, ಸಮುದ್ರಕ್ಕೆ ಬೆನ್ನು ಹಾಕಿ, ಮಗುವಿನ ಎದುರು ಬಗ್ಗಿ, "ರಾ ನಾ ತಲ್ಲಿ" ಅಂದರು.

ಮಗುವಿನ ಕೆಳತುಟಿ ಮುಂದೆ ಬಂತು. ಇನ್ನೇನು ಕಿರುಚಬೇಕು.

ಸಮುದ್ರದ ನೇಮ ನಮಗೇನು ಗೊತ್ತು? ಕೆರೆಯ ನೀರಾದರೆ ಇದ್ದ ಕಡೆ ಇರುತ್ತದೆ. ಎಲ್ಲಿಂದಲೋ ಬಂದ ದೊಡ್ಡದೊಂದು ಅಲೆ ಅತ್ತೆಯನ್ನು ಹಿಂದಿನಿಂದ ತಳ್ಳಿತು. ಅವರು ಆಯತಪ್ಪಿ ದೊಪ್ಪನೆ ನೀರಲ್ಲಿ ಕೂತರು. ನೀರು ತಲೆಯ ಮೇಲೆ ಹಾರಿತು, ಚಾಪೆಯನ್ನೂ ಎತ್ತಿಕೊಂಡಿತು. ನಾನು ಮಗುವನ್ನು ಎದೆಗೆ ಅವಚಿಕೊಂಡು ಕೂಗಿದೆ. ಗಂಡ ಫೋನು ಜೇಬಿಗೆ ಹಾಕಿ ಓಡಿ ಬಂದ. ಅಲೆ ಬಂದಷ್ಟೇ ಬೇಗ ವಾಪಸ್ಸು ಹೋಯಿತು. ನೋಡಿದರೆ ಅತ್ತೆ ನನ್ನೆದುರೇ ಕಾಲು ಚಾಚಿ ಕೂತಿದ್ದಾರೆ, ಒದ್ದೆ ಬಟ್ಟೆ ಮೂಗಿಗೆ ಅಂಟಿ ಉಸಿರಾಡಲಾಗದೆ ಒದ್ದಾಡುತ್ತಿದ್ದಾರೆ. ಎರಡೂ ಕೈಯಿಂದ ಬಟ್ಟೆಯನ್ನು ಕಿತ್ತೆಳೆದು ತೆಗೆದು, ಥೂ ಥೂ ಅಂತ ಉಪ್ಪುನೀರು ಉಗುಳಿ, "ಅಯ್ಯಯ್ಯಪ್ಪಾ, ಏನುಪ್ಪಾ ಇದು!" ಅಂತ ನಗತೊಡಗಿದರು. ಅತ್ತೆ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬಾಯಿ ಪೂರ್ತಿ ತೆರೆದು, ಮುಂದಿನ ಹಲ್ಲು ಬಿದ್ದ ಸಂದು ಕಾಣುವ ಹಾಗೆ, ಭುಜ ಕುಣಿಸಿ ನಕ್ಕರು.

ಮಗು ಅಳಲು ತೆರೆದ ಬಾಯಿ ಹಾಗೇ ನಿಂತಿತು. ಅತ್ತೆಯ ಬಾಯನ್ನೇ ನೋಡಿತು. ಕಣ್ಣು ನೋಡಿತು, ಮತ್ತೆ ಬಾಯಿ ನೋಡಿತು. ಆಮೇಲೆ, ಊಟದ ಮನೆಯಲ್ಲಿ ದೂರದಿಂದ ನಗುತ್ತಿತ್ತಲ್ಲ, ಅದೇ ನಗು ನಕ್ಕಿತು. ನನ್ನ ತೋಳಿನಿಂದ ಮೈ ಚಾಚಿ, ಕೈ ನೀಡಿ, ಅತ್ತೆಯ ಹಲ್ಲಿನ ಸಂದಿಗೆ ಬೆರಳು ಹಾಕಿತು.

ಅತ್ತೆ ಗಾಬರಿಯಿಂದ, ಅಭ್ಯಾಸದಂತೆ, ಒದ್ದೆ ಬಟ್ಟೆಯನ್ನು ಮತ್ತೆ ಮೂಗಿಗೆ ಒತ್ತಿಕೊಂಡರು. "ಉಸುರು ತಾಕ್ತೈತೆ ಕೂಸಿಗೆ" ಅಂದರು. ತಕ್ಷಣ ಮಗುವಿನ ತುಟಿ ಮುಂದೆ ಬಂತು, ಕಣ್ಣಲ್ಲಿ ನೀರು. ಬಟ್ಟೆ ಜಾರಿತು. ನಗು. ಮತ್ತೆ ಮೇಲಕ್ಕೆ. ಅಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ನಮ್ಮನ್ನು ನೋಡಿಯೇ ಹುಟ್ಟಿದ ಗಾದೆಯಿರಬೇಕು. ಮುರುಗಮಲ್ಲಕ್ಕೆ ಹೋಗಿ ಬಂದಿದ್ದೆವು, ಘಟ್ಟ ಇಳಿದು ಸಮುದ್ರಕ್ಕೆ ಬಂದಿದ್ದೆವು, ಸೋಪು ತೀರುವ ತನಕ ಮೈ ತಿಕ್ಕಿದ್ದಾಗಿತ್ತು. ಆ ಬಟ್ಟೆ ನಮ್ಮ ಕಣ್ಣಿಗೆ ಬಿದ್ದಿರಲೇ ಇಲ್ಲ. ಅತ್ತೆಯ ಮೂಗಿನ ಮೇಲೆ ಅದನ್ನು ನೋಡಿ ನೋಡಿ ನಮಗೆ ಅದು ಅವರ ಕುಂಕುಮದ ಹಾಗೆ ಆಗಿಹೋಗಿತ್ತು. ನನಗಂತೂ, ಎಷ್ಟು ಜಾಗ್ರತೆಯ ಅಜ್ಜಿ ಅಂತ ಒಳಗೊಳಗೇ ಹೆಮ್ಮೆಯಿತ್ತು. ಮಗುವಿನ ಲೆಕ್ಕದಲ್ಲಿ ಮಾತ್ರ ಅತ್ತೆ ಒಬ್ಬರಲ್ಲ, ಇಬ್ಬರು. ದೂರದಲ್ಲಿ ನಗುವ ಒಬ್ಬಳು ಅಜ್ಜಿ, ಹತ್ತಿರ ಬರುವ ಮುಖವಿಲ್ಲದ ಇನ್ನೊಬ್ಬಳು ಗುಮ್ಮ.

ಗಂಡ ವಿಜ್ಞಾನದ ಮೇಷ್ಟ್ರಲ್ಲವೇ, ಅಷ್ಟಕ್ಕೇ ಬಿಡಲಿಲ್ಲ. "ತಡಿ, ತಡಿ, ಕನ್ಫರ್ಮ್ ಮಾಡ್ಬೇಕು" ಅಂತ ತನ್ನ ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡು ಮಗಳ ಮುಂದೆ ಬಗ್ಗಿದ. ಹೆತ್ತ ಅಪ್ಪನನ್ನು ನೋಡಿ ಅವಳು ಕಿರುಚಿದ ರಭಸಕ್ಕೆ ಅಷ್ಟು ದೂರದಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಕಿರುಚುತ್ತಲೇ ಮಗು ತಪ್ಪಿಸಿಕೊಳ್ಳಲು ಹಾರಿದ್ದು ನನ್ನ ಕಡೆಗಲ್ಲ. ಎದುರಿಗಿದ್ದ ಅತ್ತೆಯ ಒದ್ದೆ ಕುತ್ತಿಗೆಗೆ.

ಅತ್ತೆ ಮಗುವನ್ನು ಹಿಡಿದುಕೊಂಡ ರೀತಿ ಹೇಗೆ ಹೇಳಲಿ? ಅವರು ಚಾಕಿ ಹುಳವನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಾಕುವಾಗ ಬೆರಳು ತಾಗಿಯೂ ತಾಗದಂತೆ ಹಿಡಿಯುತ್ತಾರೆ. ಮೊದಲು ಹಾಗೇ ಹಿಡಿದರು. ಆಮೇಲೆ ಗಟ್ಟಿಯಾಗಿ ಅಪ್ಪಿಕೊಂಡರು. ನಗುತ್ತಲೇ ಇದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು, ಅದು ಸಮುದ್ರದ್ದಲ್ಲ ಅಂತ ನನಗೆ ಗೊತ್ತಾಯಿತು.

"ಎಂಟು ತಿಂಗ್ಳು" ಅಂದರು. "ಎಂಟು ತಿಂಗ್ಳು ಹತ್ರದಿಂದ ಮುಖಾನೇ ತೋರ್ಸಿಲ್ವಲ್ಲಮ್ಮಾ ನಾನು ಇದಕ್ಕೆ. ವಾಸ್ನೆ ಅಲ್ಲ. ನನ್ ವಾಸ್ನೆ ಅಲ್ಲ ಅಲ್ವೇನಮ್ಮಾ?"

"ಅಲ್ಲ ಅತ್ತೆ, ನಾನು ಅವತ್ತೇ ಹೇಳ್ಲಿಲ್ವಾ" ಅಂತ ಗದರಿಸಿದೆ. ಗದರದಿದ್ದರೆ ನಾನೂ ಅತ್ತುಬಿಡುತ್ತಿದ್ದೆ. ಅಳುವುದಕ್ಕಿಂತ ಗದರುವುದು ನನಗೆ ಸುಲಭ.

ಅತ್ತೆ ಮರಳಲ್ಲಿ ಬಿದ್ದಿದ್ದ ಬಿಳಿ ಬಟ್ಟೆಯನ್ನು ಎತ್ತಿ, ಹಿಂಡಿ, ಅದರಿಂದ ಮಗುವಿನ ಕಾಲಿನ ಮರಳು ಒರೆಸಿದರು. ಬೆರಳಿನ ಸಂದಿಗಳನ್ನೂ ಬಿಡಲಿಲ್ಲ. ಮಗು ಅವರ ಮೂಗುಬೊಟ್ಟು ತಿರುಗಿಸುತ್ತ ಕೂತಿತ್ತು. ಸೂರ್ಯ ತೆಂಗಿನ ಮರಗಳ ಮೇಲೆ ಬಂದಿದ್ದ. ಹಿಂದೆ ನಮ್ಮ ಬಾಲ್ಕನಿಯಲ್ಲಿ ಆ ಗೋಣಿ ಇನ್ನೂ ನೀರು ತೊಟ್ಟಿಕ್ಕಿಸುತ್ತ ನೇತಾಡುತ್ತಿತ್ತು. ರೂಮು ಗುಡಿಸುವ ಹೆಂಗಸು ಅದರ ಪಕ್ಕ ನಿಂತು ನಮ್ಮ ಕಡೆ ಕೈಬೀಸಿದಳು.

ಆಗ ನನ್ನ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಮಾವ. ಅತ್ತೆಯ ಎರಡೂ ಕೈಯಲ್ಲಿ ಮಗು ಇತ್ತು, ನಾನೇ ಫೋನನ್ನು ಅವರ ಮುಂದೆ ಹಿಡಿದೆ. ಸ್ಪೀಕರು ಹಾಕುವ ಅಗತ್ಯವೇನೂ ಇರಲಿಲ್ಲ.

"ಏನೇ! ಚಾಕಿಯವ್ನು ಇಲ್ಲೇ ನಿಂತವ್ನೆ! ಏನ್ ಹೇಳ್ಲಿ?"

"ಈ ಸಲಕ್ಕೆ ಬೇಡ ಅನ್ನಿ" ಅಂದರು ಅತ್ತೆ. "ತೋಟದ ಸೊಪ್ಪು ಯಾರಿಗಾದ್ರೂ ಕೊಟ್ಬಿಡಿ."

ಮಾವನಿಗೆ ಅಷ್ಟು ಮೆತ್ತಗೆ ಮಾತಾಡಲು ಬರುತ್ತದೆ ಅಂತಲೇ ನಮಗೆ ಗೊತ್ತಿರಲಿಲ್ಲ, ಹಾಗೆ ಕೇಳಿದರು: "ಮಗು ಬಂದ್ಲಾ? ಹೆಂಗವ್ಳೆ?"

ಮಗು ಅತ್ತೆಯ ಕೆನ್ನೆಗೆ ಬಾಯಿ ಹಚ್ಚಿ ಉಪ್ಪು ಚೀಪುತ್ತಿತ್ತು. ಅತ್ತೆ ಅದಕ್ಕೆ ಸೆರಗು ಮರೆ ಮಾಡಿದರು. ಖಾಲಿ ಮರಳಿನಲ್ಲಿ ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು, ಸಮುದ್ರಕ್ಕೂ ಕೇಳಿಸಬಾರದು ಅನ್ನುವ ಹಾಗೆ ದನಿ ತಗ್ಗಿಸಿ ಹೇಳಿದರು:

"ಏನೋ, ಪರವಾಗಿಲ್ಲ."